ಗೆಳೆಯರಾಗೋದು ಬೇಡ, ಪಾಸ್ ಕೊಟ್ಟರೆ ಸಾಕು

ತಂಡದಲ್ಲಿ ಗುಂಪುಗಾರಿಕೆ ಇದೆಯಾ ಅಂತ ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಚೆಂಡು ಯಾರಿಗೆ ಹೋಗುತ್ತಿಲ್ಲ ಅಂತ ನೋಡಿದರೆ ಸಾಕು. ಶಾಂತಿನಗರದ ಹಾಕಿ ಸ್ಟೇಡಿಯಂನಲ್ಲಿ ನಾನು ಸೀನಿಯರ್ ಹುಡುಗರ ಕ್ಯಾಂಪ್ ನಡೆಸುವಾಗ, ಬಲಗಡೆಯ ಫಾರ್ವರ್ಡ್ ಖಾಲಿ ಜಾಗದಲ್ಲಿ ನಿಂತು ಸ್ಟಿಕ್ ಬಡಿಯುತ್ತಿದ್ದ. ಮಿಡ್‌ಫೀಲ್ಡರ್ ತಲೆ ಎತ್ತಿ ಅವನನ್ನು ನೋಡಿಯೂ ಎಡಕ್ಕೆ ಪಾಸ್ ಕೊಡುತ್ತಿದ್ದ. ಒಂದು ಸಲ ಆದರೆ ಆಟ. ದಿನಾ ಆದರೆ ರಾಜಕೀಯ.

ಕೊಡಗಿನವರಿಗೂ ಬೆಂಗಳೂರಿನವರಿಗೂ ಆಗಲ್ಲ ಅಂತ ಗ್ಯಾಲರಿಯಲ್ಲಿ ಮಾತು. ಅದೆಲ್ಲ ಸುಮ್ನೆ. ಊಟಕ್ಕೆ ಯಾರು ಯಾರ ಜೊತೆ ಕೂರುತ್ತಾರೆ ಅಂತ ಗಮನಿಸಿದೆ. ಗೆರೆ ಬಿದ್ದಿದ್ದು ಕೆಲಸ ಸಿಕ್ಕವರು, ಸಿಗದವರ ನಡುವೆ. ಕ್ರೀಡಾ ಕೋಟಾದಲ್ಲಿ ಆಗಲೇ ಕೆಲಸ ಸಿಕ್ಕವನಿಗೆ 18 ಜನರ ಪಟ್ಟಿ ತಪ್ಪಿದರೆ ಬೇಜಾರು, ಅಷ್ಟೇ. ಸಿಗದವನಿಗೆ ರಾಷ್ಟ್ರೀಯ ಟೂರ್ನಿಯ ಸರ್ಟಿಫಿಕೇಟ್ ಅಂದರೆ ಅನ್ನದ ಪ್ರಶ್ನೆ. ತನ್ನ ಜಾಗಕ್ಕೇ ಪೈಪೋಟಿ ಕೊಡುವವನಿಗೆ ಗೋಲ್ ಹೊಡೆಯುವಂಥ ಪಾಸ್ ಅವನು ಯಾಕೆ ಕೊಡುತ್ತಾನೆ ಹೇಳಿ?

‘ನಂದಿ ಬೆಟ್ಟಕ್ಕೆ ಕರ್ಕೊಂಡು ಹೋಗಿ ಸರ್, ಎಲ್ಲ ಸರಿಹೋಗುತ್ತೆ’ ಅಂದರು ಮ್ಯಾನೇಜರ್. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಒಂದು ಗುಂಪು, ಹಿಂದೆ ಇನ್ನೊಂದು ಗುಂಪು ಕೂತು ಹೋಗಿ ಬರುತ್ತಿತ್ತು.

ನಾನು ಹಿಡಿದದ್ದು ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಅವಕಾಶ. ಒಬ್ಬ ಗೋಲ್ ಪಕ್ಕದ ಹಿಂದಿನ ಗೆರೆಯಿಂದ ಚೆಂಡು ತಳ್ಳಬೇಕು, ಇನ್ನೊಬ್ಬ ಡಿ (ಗೋಲ್ ಮುಂದಿನ ಅರ್ಧವೃತ್ತ) ಹೊರಗೆ ನಿಲ್ಲಿಸಬೇಕು, ಮೂರನೆಯವನು ಅದನ್ನು ಒಳಗೆ ತಂದು ಫ್ಲಿಕ್ ಮಾಡಬೇಕು, ಅಂದರೆ ಸ್ಟಿಕ್‌ನಿಂದ ಗೋಲಿನತ್ತ ಎಸೆಯಬೇಕು. ಎದುರು ಕೀಪರ್ ಸೇರಿ 5 ಜನ. ತಳ್ಳಿದ ಕ್ಷಣವೇ ಅವರು ನುಗ್ಗಿ ಬರುತ್ತಾರೆ. ಚೆಂಡು ಒಂದು ಗೇಣು ಆಚೆ ನಿಂತರೂ ಫ್ಲಿಕ್ ಕೆಟ್ಟಿತು. ಆದರೆ ಸ್ಕೋರ್‌ಶೀಟಿನಲ್ಲಿ ಹೆಸರು ಫ್ಲಿಕ್ ಮಾಡಿದವನದ್ದು ಮಾತ್ರ. ಹೊಟ್ಟೆಯುರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ತಳ್ಳುವವನು, ಫ್ಲಿಕ್ ಮಾಡುವವನು ಒಂದು ಗುಂಪಿನಿಂದ, ನಿಲ್ಲಿಸುವವನು ಇನ್ನೊಂದರಿಂದ ಅಂತ ಹಾಕಿದೆ. ಪ್ರತಿ ಗೋಲಿಗೂ ಬೋರ್ಡ್ ಮೇಲೆ ಮೂರೂ ಹೆಸರು ಬರೆದೆ. ಆಯ್ಕೆಯ ಲೆಕ್ಕದಲ್ಲಿ ಗೋಲಿಗೆ ಎಷ್ಟೋ, ಕೊಟ್ಟ ಪಾಸಿಗೂ ಅಷ್ಟೇ ಅಂಕ. ಇದನ್ನು ಎಲ್ಲರೆದುರು ಹೇಳಿದೆ. ಆಮೇಲೆ ಒಬ್ಬ ಪಕ್ಕಕ್ಕೆ ಬಂದು, ‘ಸರ್, ನಿಜವಾಗ್ಲೂ ನಿಲ್ಸಿದ್ದಕ್ಕೂ ಮಾರ್ಕ್ಸ್ ಇದ್ಯಾ?’ ಅಂತ ಕೇಳಿದ. ‘ನೋಡ್ಕೊ, ಬೋರ್ಡಲ್ಲೇ ಇದೆ’ ಅಂದೆ. ಮಾರನೇ ದಿನದಿಂದ ಅವನ ಕೈ ಬೇರೆಯೇ ಆಯಿತು.

ಪಟ್ಟಿ ಹಾಕುವ ಮೊದಲು, ಕೈಬಿಟ್ಟವರನ್ನು ಒಬ್ಬೊಬ್ಬರಾಗಿ ಕರೆದು ಕಾರಣ ಹೇಳಿದೆ. ಕಷ್ಟದ ಕೆಲಸ. ಒಬ್ಬ ಅತ್ತ, ಇನ್ನೊಬ್ಬ ಬೈದು ಹೋದ. ಆದರೂ ‘ಅವನು ಆ ಸೆಲೆಕ್ಟರ್ ಕಡೆಯವನು’ ಅನ್ನುವ ಪಿಸುಮಾತು ಕಡಿಮೆಯಾಯಿತು. ಮನೆಯವರ ಫೋನ್ ಮಾತ್ರ ನಿಲ್ಲಲಿಲ್ಲ. ಅದು ನಿಲ್ಲುವುದೂ ಇಲ್ಲ ಬಿಡಿ.

ಸ್ನೇಹ ಇಲ್ಲದೆ ತಂಡ ನಡೆಯುತ್ತಾ ಅಂತ ಕೇಳುವವರಿಗೆ ನಾನು ಟೆನಿಸ್‌ನ ಲಿಯಾಂಡರ್ ಪೇಸ್–ಮಹೇಶ್ ಭೂಪತಿ ಹೆಸರು ಹೇಳುತ್ತೇನೆ. 1999ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಫೈನಲ್ ಆಡಿ ಎರಡು ಗೆದ್ದರು. ಮುಂದೆ ಜೋಡಿ ಮುರಿಯಿತು. ಆದರೂ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜೊತೆಗೆ ಆಡಿ ನಾಲ್ಕನೆಯವರಾದರು. 2012ರ ಒಲಿಂಪಿಕ್ಸ್‌ಗೆ ಭೂಪತಿ, ಇನ್ನೊಬ್ಬ ಆಟಗಾರ ರೋಹನ್ ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲು ಒಪ್ಪಲಿಲ್ಲ. ಲಂಡನ್ನಿಗೆ ಎರಡು ಜೋಡಿ ಹೋದವು, ಒಂದಕ್ಕೂ ಪದಕ ಬರಲಿಲ್ಲ.

ನಮ್ಮ ಸ್ಟಾಪರ್, ಫ್ಲಿಕ್ಕರ್ ಕ್ಯಾಂಪ್ ಮುಗಿಯುವವರೆಗೂ ಟರ್ಫ್ ಹೊರಗೆ ಮಾತಾಡಲಿಲ್ಲ. ಒಳಗೆ ‘ಸ್ವಲ್ಪ ಎಡಕ್ಕೆ’, ‘ಇನ್ನೊಂದ್ಸಲ’ ಅಷ್ಟೇ. ರೂಮ್ ಹಂಚಿಕೆಯನ್ನು ನಾನು ಮುಟ್ಟಲೇ ಇಲ್ಲ. ದಿನವಿಡೀ ಒಟ್ಟಿಗೆ ಓಡುವವರು ರಾತ್ರಿಯಾದರೂ ತಮಗೆ ಬೇಕಾದವರ ಜೊತೆ ಇರಲಿ ಅಂತ ಬಿಟ್ಟೆ.