ಕ್ಯಾರಂ ಬೋರ್ಡಿನ ಚೌಕಟ್ಟಿನಲ್ಲಿ ಧಾರವಾಡ

ಮೊದಲೇ ಹೇಳಿಬಿಡುತ್ತೇನೆ. ಧಾರವಾಡ ಆಕಾಶವಾಣಿ ಮೊಬೈಲ್ ಆ್ಯಪ್‌ನಲ್ಲಿ ಬರುತ್ತದೆ ಅನ್ನುವುದು ನನಗೂ ಗೊತ್ತು. ಈ ಮೂರು ವರ್ಷದಲ್ಲಿ ಅದನ್ನು ನನಗೆ ಹೇಳದವರೇ ಇಲ್ಲ. ಹೆಂಡತಿ ಹೇಳಿದಳು, ಮಗ ಹೇಳಿದ, ರೇಡಿಯೊ ಟ್ಯೂನ್ ಮಾಡುವ ಗ್ಯಾಂಗ್ ಕಂಡೆನ್ಸರ್ ಮಾರಿದ ಅಂಗಡಿಯವನೂ ಹೇಳಿದ. ನನಗೆ ಬೇಕಾಗಿದ್ದು ಅದಲ್ಲ. ಪುಣೆಯ ಕೋಥ್ರೂಡಿನ ಮೂರನೇ ಮಹಡಿಯಲ್ಲಿ, ಮಟಮಟ ಮಧ್ಯಾಹ್ನ, ರೇಡಿಯೊದ ಮೀಡಿಯಂ ವೇವ್ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಕೇಳಬೇಕು. ರಾತ್ರಿ ಆದರೆ ಬಂದು ಬಂದು ಹೋಗುತ್ತದೆ, ಅದರಲ್ಲೇನೂ ದೊಡ್ಡಸ್ತಿಕೆ ಇಲ್ಲ. ಹಗಲು ಮಾತ್ರ ಆಗುವುದೇ ಇಲ್ಲ ಅಂತ ಎಲ್ಲರೂ ಕೈ ಎತ್ತಿದ್ದರು. 2021ರ ಮಾರ್ಚ್‌ನಲ್ಲಿ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಅವ್ವನಿಂದ. 2018ರ ದೀಪಾವಳಿ ಮುಗಿದ ಮೇಲೆ ಅವ್ವ ಊರು ಬಿಟ್ಟು ನಮ್ಮಲ್ಲಿಗೆ ಬಂದಳು. ಊರಿನ ಅಡುಗೆಮನೆಯಲ್ಲಿ ರೇಡಿಯೊ ದಿನವಿಡೀ ಹಾಡುತ್ತಿತ್ತು. ಇಲ್ಲಿ ಮಗ ಅವಳಿಗೆ ಆ್ಯಪ್ ಹಾಕಿಕೊಟ್ಟ. ನಾಲ್ಕು ದಿನ ಕೇಳಿದಳು. ಐದನೇ ದಿನ ಫೋನ್ ವಾಪಸ್ ಕೊಟ್ಟಳು. "ಇದರಾಗ ನಡಕ್ ನಡಕ್ ಮಂದಿ ಫೋನ್ ಮಾಡ್ತಾರಪಾ. ಹಾಡು ಅರ್ಧಕ್ಕ ನಿಂತ್ ಹೋಗ್ತದ." ಸರಿ, ರೇಡಿಯೊನೇ ತರೋಣ, ಅದೇನು ಮಹಾ ಅಂದುಕೊಂಡೆ. ಒಂದು ಸಾವಿರದ ಚಿಲ್ಲರೆ ಕೊಟ್ಟು ಸಾದಾ ಟ್ರಾನ್ಸಿಸ್ಟರ್ ತಂದೆ. ಮುಳ್ಳನ್ನು 765ರ ಮೇಲೆ ಇಟ್ಟರೆ ಮರಾಠಿ ವಾರ್ತೆ! ಸ್ವಲ್ಪ ಹಿಂದಕ್ಕೆ ತಿರುಗಿಸಿದರೂ ಅದೇ, ಮುಂದಕ್ಕೂ ಅದೇ.

ಕಾರಣ ಇಷ್ಟೇ. ಪುಣೆ ಆಕಾಶವಾಣಿ ಬರುವುದು 792ರಲ್ಲಿ. ಎರಡಕ್ಕೂ ನಡುವೆ ಬರೀ 27 ಕಿಲೋಹರ್ಟ್ಸ್. ಧಾರವಾಡದ್ದು 200 ಕಿಲೋವ್ಯಾಟ್, ಪುಣೆಯದ್ದು 100. ಆದರೆ ಪುಣೆಯ ಟ್ರಾನ್ಸ್‌ಮಿಟರ್ ಇರುವುದು ಹಡಪ್ಸರ್‌ನಲ್ಲಿ, ನಮ್ಮಿಂದ ಹನ್ನೆರಡು–ಹದಿಮೂರು ಕಿಲೋಮೀಟರ್. ಧಾರವಾಡ ನೇರ ಗೆರೆ ಎಳೆದರೂ 360 ಆಗುತ್ತದೆ. ಪಕ್ಕದಲ್ಲೇ ಒಬ್ಬ ಮೈಕ್ ಹಿಡಿದು ಕೂಗುವಾಗ ಆಚೆ ಓಣಿಯವನ ಮಾತು ಕೇಳಿಸೀತೇ?

ನಾನು ಮಾಡಿದ ಮೊದಲ ತಪ್ಪು ದುಡ್ಡಿನದು. ದುಬಾರಿ ಸೆಟ್ ತಂದರೆ ಆದೀತು ಅಂತ ಐದು ಸಾವಿರದ ಹತ್ತಿರ ಕೊಟ್ಟು ಹೊರದೇಶದ ಡಿಜಿಟಲ್ ರೇಡಿಯೊ ತರಿಸಿದೆ. ಪರದೆಯ ಮೇಲೆ 765 ಅಂತ ಅಚ್ಚುಕಟ್ಟಾಗಿ ತೋರಿಸುತ್ತಿತ್ತು. ಒಳಗಿಂದ ಬರುತ್ತಿದ್ದದ್ದು ಪುಣೆಯೇ. ಮೊದಲಿಗಿಂತ ಸ್ವಚ್ಛವಾದ ಪುಣೆ, ಅಷ್ಟೇ.

ಎರಡನೆಯದು ಉದ್ದ ತಂತಿ. ಗಚ್ಚಿನ ಮೇಲೆ ನೀರಿನ ಟ್ಯಾಂಕಿನಿಂದ ಲಿಫ್ಟ್ ಕೋಣೆವರೆಗೆ ನಲವತ್ತು ಅಡಿ ಎಳೆದು, ಕೆಳಗೆ ಬಾಲ್ಕನಿಗೆ ಇಳಿಸಿದೆ. ಅದರಿಂದ ಪುಣೆ ಇನ್ನೂ ಜೋರಾಯಿತು. ಜೊತೆಗೆ ಲಿಫ್ಟ್ ಓಡಿದಾಗಲೆಲ್ಲ ರೇಡಿಯೊ ಆನೆಯಂತೆ ಘೀಳಿಡುತ್ತಿತ್ತು. ಹದಿನೈದು ದಿನಕ್ಕೆ ಸೊಸೈಟಿ ಸೆಕ್ರೆಟರಿ ಬಾಗಿಲು ಬಡಿದರು. "ಕಾಕಾ, ಹೇ ಕಾಯ್ ಆಹೆ?" ಇದೇನು ಅಂತ. ನಾನು ಬಟ್ಟೆ ಒಣಗಿಸುವ ತಂತಿ ಅಂದೆ. ನಂಬಲಿಲ್ಲ. ಬಿಚ್ಚಿದೆ.

ಮೂರನೆಯದು ಹೇಳಲು ನಾಚಿಕೆ. ಅರ್ಥಿಂಗ್ ಕೊಟ್ಟರೆ ಸುಧಾರಿಸುತ್ತದೆ ಅಂತ ಬಾತ್‌ರೂಮಿನ ನಲ್ಲಿಗೆ ತಂತಿ ಸುತ್ತಿದೆ. ಒಂದು ವಾರ "ಹೌದು, ಸುಧಾರಿಸಿದೆ" ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಪ್ಲಂಬರ್ ಬಂದು ಗೋಡೆ ಒಡೆದಾಗ ನೋಡಿದರೆ ಒಳಗೆಲ್ಲ ಪ್ಲಾಸ್ಟಿಕ್ ಪೈಪು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಮಾಡಿದವನು ನಾನು.

ನಾಲ್ಕನೆಯದು ಆಂಟೆನಾ ಬೂಸ್ಟರ್. ಸುಮಾರು ಒಂಬೈನೂರು ರೂಪಾಯಿ. ಅದು ಗದ್ದಲವನ್ನು ಬೂಸ್ಟ್ ಮಾಡಿತು.

ಒಟ್ಟು ಲೆಕ್ಕ ಹಾಕಿದರೆ ಒಂಬತ್ತು ಸಾವಿರದ ಆಸುಪಾಸು ನೀರಿಗೆ ಹೋಯಿತು. ಮನೆಯಲ್ಲಿ ನಾಲ್ಕೂವರೆ ಅಂತ ಹೇಳಿದ್ದೇನೆ. ಸಿಂಹಗಡ ರಸ್ತೆಯಲ್ಲಿ ನಮ್ಮ ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರಿದ್ದಾರೆ, ರೇಡಿಯೊದಲ್ಲಿ ನನಗಿಂತ ಹಳಬರು. ಅವರು ಆಗ ಹೇಳಿದ್ದು ಇಷ್ಟೇ: "ಹಗಲು ಧಾರವಾಡ ಹಿಡೀತೀನಿ ಅಂದ್ರ ನೀವು ಕೊಲ್ಹಾಪುರಕ್ಕ ಮನಿ ಮಾಡ್ಬೇಕ್ರಿ." ಆ ಮಾತು ನನಗೆ ನಾಟಿತು.

ದಾರಿ ಸಿಕ್ಕಿದ್ದು ಒಂದು ಗುರುವಾರ. ಭೋಸರಿ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ನಮ್ಮ ಕಡೆ ರಿಪೇರಿಗೆ ಅಂತ ಕರೆಂಟ್ ತೆಗೆಯುವುದೂ ಗುರುವಾರವೇ. ಅವತ್ತು ಬೆಳಿಗ್ಗೆ ಹತ್ತಕ್ಕೇ ಇಡೀ ಓಣಿಯಲ್ಲಿ ಕರೆಂಟ್ ಇಲ್ಲ. ಸುಮ್ನೆ ಕೂತಿದ್ದೆ. ಸೆಲ್ ಹಾಕಿದ ಹಳೇ ಟ್ರಾನ್ಸಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ಹನ್ನೆರಡು ಗಂಟೆ ದಾಟಿತ್ತು. ಒಂದು ಕೋನದಲ್ಲಿ ಪುಣೆ ತೆಳ್ಳಗಾಯಿತು. ಅದರ ಅಡಿಯಿಂದ ಒಂದು ಹೆಣ್ಣು ದನಿ, ಕನ್ನಡದಲ್ಲಿ, ನಾಲ್ಕೇ ಮಾತು. ಕೈ ಅಲುಗಿತು, ಹೋಯಿತು. ಆದರೆ ಕೇಳಿಸಿದ್ದು ನಿಜ. ಅಲ್ಲಿಯವರೆಗೆ ನಾನು ಧಾರವಾಡವನ್ನು ಎಳೆಯಲು ನೋಡುತ್ತಿದ್ದೆ. ಅದು ಮನೆಗೆ ಬಂದೇ ಇತ್ತು! ಪುಣೆಯನ್ನೂ ನಮ್ಮ ಮನೆಯ ಕರೆಂಟ್ ಸಾಮಾನುಗಳ ಗದ್ದಲವನ್ನೂ ಹೊರಗೆ ಹಾಕಬೇಕಿತ್ತು, ಅಷ್ಟೇ ಕೆಲಸ.

ಮೊದಲು ಗದ್ದಲ. ಪುಟ್ಟ ರೇಡಿಯೊವನ್ನು ಯಾವ ಸ್ಟೇಶನ್ನೂ ಇಲ್ಲದ ಜಾಗದಲ್ಲಿ ನಿಲ್ಲಿಸಿ, ನಾಯಿ ಮೂಸಿದಂತೆ ಮನೆಯೆಲ್ಲ ಮೂಸಿದೆ. ದೊಡ್ಡ ಕಳ್ಳ ಯಾರು ಅಂದರೆ ಹಾಲ್‌ನ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಫ್ಯಾನ್ ಮೂರರಲ್ಲಿ ಇಟ್ಟರೆ ಗೊರಗೊರ, ಪೂರ್ತಿ ಐದಕ್ಕೆ ಇಟ್ಟರೆ ನಿಶ್ಶಬ್ದ. ಎರಡನೆಯವನು ಬಾತ್‌ರೂಮಿನ ಅಗ್ಗದ ಎಲ್‌ಇಡಿ ಬಲ್ಬು. ಮೂರು, ಟಿವಿ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಟಿವಿ ಆಫ್ ಇದ್ದರೂ ಅದು ಕೂಗುತ್ತಲೇ ಇರುತ್ತದೆ, ಪ್ಲಗ್ಗನ್ನೇ ಕೀಳಬೇಕು. ಮಗನ ಲ್ಯಾಪ್‌ಟಾಪ್ ಚಾರ್ಜರ್ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಲಾಕ್‌ಡೌನ್ ಬೇರೆ, ಅವನ ಕ್ಲಾಸು ನಡೆಯುವುದೂ ಅದರಲ್ಲೇ. ಕೊನೆಗೆ ಅದರ ವೈರಿಗೆ ಗದ್ದಲ ತಡೆಯುವ ಫೆರೈಟ್ ಕ್ಲಿಪ್ ಹಾಕಿ ರಾಜಿಯಾಯಿತು. ರೆಗ್ಯುಲೇಟರ್ ಬದಲು ಕೆಪಾಸಿಟರ್ ಇರುವ ಹಂತದ ರೆಗ್ಯುಲೇಟರ್ ಹಾಕಿದೆ, ಇನ್ನೂರೈವತ್ತೋ ಮುನ್ನೂರೋ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯಿತು.

ಇನ್ನು ಪುಣೆಯನ್ನು ಹೊರಗೆ ಹಾಕಲು ಲೂಪ್, ಅಂದರೆ ಚೌಕಟ್ಟಿಗೆ ತಂತಿ ಸುತ್ತಿ ಮಾಡುವ ಆಂಟೆನಾ. ಲಾಕ್‌ಡೌನ್‌ನಲ್ಲಿ ಮನೆಮಂದಿಯೆಲ್ಲ ಸಂಜೆ ಕ್ಯಾರಂ ಆಡುತ್ತಿದ್ದೆವು. ಮಳೆಗಾಲದಲ್ಲಿ ಯಾರೋ ಬೋರ್ಡನ್ನು ಬಾಲ್ಕನಿಯಲ್ಲೇ ಬಿಟ್ಟು, ಪ್ಲೈವುಡ್ ಉಬ್ಬಿ ಹಪ್ಪಳವಾಯಿತು. ಸ್ಟ್ರೈಕರ್ ಹೊಡೆದರೆ ಗುಡ್ಡ ಹತ್ತಿ ಇಳಿಯುತ್ತಿತ್ತು. ಹೆಂಡತಿ ಗುಜರಿಗೆ ಹಾಕಲು ಹೊರಟಾಗ ನಾನು ಪ್ಲೈವುಡ್ ಕಿತ್ತು ಚೌಕಟ್ಟು ಉಳಿಸಿಕೊಂಡೆ. ಹೊರ ಅಳತೆ ಮೂವತ್ತಮೂರು ಇಂಚಿನ ಮೇಲೆ. ಒಳ್ಳೆಯ ಗಟ್ಟಿ ಮರ. ಇದಕ್ಕಿಂತ ಒಳ್ಳೆಯ ಲೂಪ್ ಚೌಕಟ್ಟು ಬಡಗಿಗೆ ಹೇಳಿ ಮಾಡಿಸಿದರೂ ಸಿಗುವುದಿಲ್ಲ.

ಮೊದಲ ಸಲ ಇಪ್ಪತ್ತು ಸುತ್ತು ಹಾಕಿದೆ, ಒಂದಕ್ಕೊಂದು ಅಂಟಿಸಿ. ಸುತ್ತು ಜಾಸ್ತಿಯಾದರೆ ಸಿಗ್ನಲ್ ಜಾಸ್ತಿ ಅನ್ನುವ ದುರಾಸೆ. ಅವ್ವ ಮಣೆ ಮೇಲೆ ಕೂತು ನೋಡುತ್ತಿದ್ದಳು. "ಏನ್ ಹೊರಸು ಹೆಣ್ಯಾಕ್ಹತ್ತೀಯೇನಪಾ?" ರಾತ್ರಿ ಗ್ಯಾಂಗ್ ತಿರುಗಿಸಿದರೆ 765ರ ತನಕ ಏರುವುದೇ ಇಲ್ಲ, ಕೆಳಗೇ ನಿಲ್ಲುತ್ತದೆ. 612ರಲ್ಲಿ ಬೆಂಗಳೂರು ಮಾತ್ರ ಗಂಟೆ ಹೊಡೆದಂತೆ ಬಂತು. ಧಾರವಾಡ ಹುಡುಕಿ ಹೋದವನನ್ನು ಬಸ್ಸು ಬೆಂಗಳೂರಿಗೆ ಮುಟ್ಟಿಸಿದಂತಾಯಿತು. ಅವ್ವನಿಗೆ ಅದೂ ಸಂತೋಷವೇ. ನನಗಲ್ಲ.

ಬಿಚ್ಚಿ, ಎಂಟು ಸುತ್ತಿಗೆ ಇಳಿಸಿದೆ. ಸುತ್ತು ಸುತ್ತಿಗೆ ಕಾಲಿಂಚು ಅಂತರ. ನಾಲ್ಕೂ ಮೂಲೆಗೆ ಹಳೆಯ ಬಾಚಣಿಗೆ ತುಂಡು ಹೊಡೆದು, ಅದರ ಹಲ್ಲಿನ ನಡುವೆ ತಂತಿ ಕೂರಿಸಿದೆ. ತಂತಿ ಮೋಟಾರ್ ವೈಂಡಿಂಗ್ ಮಾಡುವವನ ಹತ್ತಿರ ತೂಕಕ್ಕೆ ತಂದದ್ದು, ನೂರೈವತ್ತರ ಒಳಗೆ. ತೊಂಬತ್ತು ಅಡಿ ಹಿಡಿಯಿತು ಅಂತ ನೆನಪು. ಗ್ಯಾಂಗ್ ಮೊದಲು ತಾಪ್ಕೀರ್ ಗಲ್ಲಿಯಲ್ಲಿ ಸಿಕ್ಕ, ಟೂ-ಜೆ ಅನ್ನುವ ಪ್ಲಾಸ್ಟಿಕ್‌ನದು ಹಾಕಿದ್ದೆ. ಕೆಲಸ ಮಾಡುತ್ತದೆ, ಆದರೆ ಸ್ಟೇಶನ್ ಚೂಪಾಗಿ ನಿಲ್ಲುವುದಿಲ್ಲ. ಆಮೇಲೆ ಭಾನುವಾರದ ಜುನಾ ಬಾಜಾರ್‌ನಲ್ಲಿ ಒಂದು ಸತ್ತ ವಾಲ್ವ್ ರೇಡಿಯೊದೊಳಗಿನ ತಗಡಿನ ಗ್ಯಾಂಗ್ ಸಿಕ್ಕಿತು. ಅವನು ಇನ್ನೂರು ಅಂದ, ನಾನು ಎಂಬತ್ತು ಅಂದೆ, ನೂರಾಹತ್ತಕ್ಕೆ ಮುಗಿಯಿತು. ಮನೆಗೆ ತಂದು ಹಳೇ ಟೂತ್‌ಬ್ರಷ್‌ನಿಂದ ತೊಳೆದೆ. ಎರಡು ತಗಡು ತಾಗುತ್ತಿದ್ದವು, ಬ್ಲೇಡ್ ತೂರಿಸಿ ಬಿಡಿಸಿದೆ. ಗ್ಯಾಂಗ್‌ಗೆ ಕೈ ತಾಗಿದರೆ ಟ್ಯೂನ್ ಜಾರುತ್ತದೆ, ಅದಕ್ಕೆ ಮುಟ್ಟದೆ ತಿರುಗಿಸಲು ಮುರಿದ ಲಟ್ಟಣಿಗೆಯ ತುಂಡು. ಎಲ್ಲ ಸೇರಿ ಮುನ್ನೂರೈವತ್ತು ದಾಟಿಲ್ಲ.

ರೇಡಿಯೊಗೆ ತಂತಿ ಜೋಡಿಸಬೇಕಾಗಿಲ್ಲ. ಚೌಕಟ್ಟಿನ ಹತ್ತಿರ ಇಟ್ಟು, ರೇಡಿಯೊದೊಳಗಿನ ಆಂಟೆನಾ, ಅಂದರೆ ಫೆರೈಟ್ ರಾಡ್, ಲೂಪಿನ ಮುಖಕ್ಕೆ ಕಡ್ಡಿ ಚುಚ್ಚಿದಂತೆ ನಿಲ್ಲಬೇಕು, ಅಷ್ಟೇ. ಎಷ್ಟು ದೂರ ಇಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿದೆ, ಇಲ್ಲಿ ಬರೆಯುವುದಿಲ್ಲ. ಕೋಥ್ರೂಡಿಗೆ ಬಂದರೆ ಚಹಾ ಕುಡಿಯುತ್ತಾ ತೋರಿಸುತ್ತೇನೆ.

ನಮ್ಮ ಅದೃಷ್ಟ ಅಂದರೆ ದಿಕ್ಕು. ಲೂಪಿನ ಅಂಚು ಯಾವ ಕಡೆಗೆ ಇರುತ್ತದೋ ಆ ಕಡೆಯ ಸ್ಟೇಶನ್ ಜೋರು. ಅದರ ಮುಖ ಯಾವ ಕಡೆಗೋ ಆ ಕಡೆಯದು ಸತ್ತೇ ಹೋಗುತ್ತದೆ. ಕೋಥ್ರೂಡಿನಿಂದ ಹಡಪ್ಸರ್ ಹೆಚ್ಚುಕಡಿಮೆ ನೇರ ಪೂರ್ವ. ಧಾರವಾಡ ದಕ್ಷಿಣ, ಚೂರು ಪೂರ್ವಕ್ಕೆ ವಾಲಿಕೊಂಡು. ಅಂದರೆ ಲೂಪಿನ ಮುಖವನ್ನು ಹಡಪ್ಸರ್‌ಗೆ ಕೊಟ್ಟರೆ ಅಂಚು ತಾನಾಗಿಯೇ ಧಾರವಾಡದ ಕಡೆ ಹೋಗುತ್ತದೆ. ದೇವರೇ ಪ್ಲಾಟ್ ಹಾಕಿಕೊಟ್ಟಂತೆ. ಸಿಂಹಗಡ ರಸ್ತೆಯ ಗೆಳೆಯರಿಗೆ ಈ ಕೋನ ಸ್ವಲ್ಪ ಬೇರೆ, ಆದರೂ ಆಗಬೇಕಿತ್ತು. ಅವರಿಗೆ ಇನ್ನೂ ಆಗಿಲ್ಲ. ನಾನೇನೂ ಹೇಳುವುದಿಲ್ಲ.

ನಕಾಶೆಯ ದಿಕ್ಕು ಮಾತ್ರ ನಂಬಬೇಡಿ. ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಇದೆ, ಗೋಡೆಯೊಳಗೆ ಸರಳು ಇದೆ. ಇವು ಎಲ್ಲವನ್ನೂ ತಿರುಚುತ್ತವೆ. ನಕಾಶೆ ನೋಡಿ ಇಟ್ಟ ಜಾಗದಿಂದ ಹದಿನೈದು ಡಿಗ್ರಿಯಷ್ಟು ಆಚೆಗೆ ತಿರುಗಿಸಿದಾಗ ನನಗೆ ಪುಣೆ ಬಿದ್ದುಹೋಯಿತು. ಗ್ರಿಲ್‌ಗೆ ಒತ್ತಿ ಇಟ್ಟರೆ ಟ್ಯೂನೇ ಆಗುವುದಿಲ್ಲ, ಒಂದೂವರೆ ಅಡಿಯಾದರೂ ಒಳಗೆ ಇರಲಿ. ಚೌಕಟ್ಟನ್ನು ಹಿಂದಕ್ಕೆ ತುಸು ಓರೆ ಮಾಡುವುದೂ ಮುಖ್ಯ. ನಾನು ಕೆಳಗೆ ಎರಡು ಕ್ಯಾರಂ ಪಾನು ಕೊಟ್ಟು ಓರೆ ಮಾಡಿದ್ದೇನೆ, ಒಂದು ಕರಿ, ಒಂದು ಬಿಳಿ.

ಮಾರ್ಚ್‌ನ ಆ ಗುರುವಾರ ಕರೆಂಟ್ ಇತ್ತು. ಬೇಕಂತಲೇ ಇರುವಾಗಲೇ ನೋಡಿದೆ. ಮಧ್ಯಾಹ್ನ ಹನ್ನೆರಡೂವರೆ. ಲೂಪ್ ತಿರುಗಿಸುತ್ತಾ ಹೋದಂತೆ ಮರಾಠಿ ಕುಗ್ಗುತ್ತಾ ಕುಗ್ಗುತ್ತಾ ಗುಸುಗುಸುವಾಯಿತು. ಗ್ಯಾಂಗ್ ಒಂದು ಕೂದಲೆಳೆ. ಕನ್ನಡ. ತೆಳ್ಳಗೆ, ಹಿಂದೆ ಸಣ್ಣ ಸೊಯ್ ಸದ್ದು, ಆದರೆ ಒಂದೊಂದು ಅಕ್ಷರವೂ ಕೇಳುತ್ತಿತ್ತು. ಯಾರೋ ತತ್ವಪದ ಹಾಡುತ್ತಿದ್ದರು, ಏಕತಾರಿ ಹಿಡಿದು. ಅವ್ವ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು. ಹಾಡು ಮುಗಿದ ಮೇಲೆ ಅಂದಳು, "ಸಣ್ಣಗ ಬರ್ತದ. ಸ್ವಲ್ಪ ಜೋರ್ ಮಾಡಾ." ಎರಡು ವರ್ಷ ದಾಟಿದ ಮೇಲೆ ಸಿಕ್ಕ ಪ್ರಶಸ್ತಿ ಇದು. ಗೆಳೆಯರಿಗೆ ಫೋನ್ ಹಚ್ಚಿ ರೇಡಿಯೊ ಮುಂದೆ ಹಿಡಿದೆ. ಅವರು ಆ್ಯಪ್ ಹಚ್ಚೀರಿ ಅಂದರು. ಲಿಫ್ಟ್ ಓಡಿದ ಸದ್ದು ಕೇಳಿದ ಮೇಲೆ ನಂಬಿದರು.

ಆ್ಯಪ್ ಅಂದ ಮೇಲೆ ನೆನಪಾಯಿತು, ಎರಡನ್ನೂ ಒಟ್ಟಿಗೆ ಹಚ್ಚಿ ನೋಡಿದ್ದೇನೆ. ಆ್ಯಪ್ ಅರ್ಧ ನಿಮಿಷದ ಹತ್ತಿರ ಹಿಂದೆ. ರೇಡಿಯೊದಲ್ಲಿ ವಾರ್ತೆ ಶುರುವಾದಾಗ ಆ್ಯಪ್‌ನಲ್ಲಿ ಇನ್ನೂ ಹಾಡು. ಗಡಿಯಾರ ಹೊಂದಿಸುವವರು ಯಾವುದನ್ನು ನಂಬುತ್ತಾರೆ ನೀವೇ ಹೇಳಿ.

ಲೂಪ್ ಇದ್ದ ಮೇಲೆ ಸುಮ್ಮನಿರಲಾಗುತ್ತದೆಯೇ? ರಾತ್ರಿ ಊಟ ಆದ ಮೇಲೆ ಬೇರೆ ಬೇರೆ ಕಡೆ ತಿರುಗಿಸುತ್ತೇನೆ. 1251ರಲ್ಲಿ ಸಾಂಗಲಿ, 738ರಲ್ಲಿ ಹೈದರಾಬಾದ್. 1107ರಲ್ಲಿ ಕಲಬುರಗಿ ಒಂದೇ ಒಂದು ಸಲ, ಅದೂ ಚಳಿಗಾಲದ ಬೆಳಗಿನ ಜಾವ. ಮೇ ತಿಂಗಳ ಸಂಜೆ ಎಲ್ಲೋ ದೂರ ಮಿಂಚಿದರೂ ಇಲ್ಲಿ ಚರಚರ, ಆಗ ಸೆಟ್ ಮುಚ್ಚಿ ಪಗಡೆ ಆಡುವುದೇ ವಾಸಿ. ಗಣಪತಿಯ ಹತ್ತು ದಿನವೂ ಅಷ್ಟೇ. ಎದುರಿನ ಮಂಡಲದ ಲೈಟಿನ ಸರ ಹತ್ತಿತು ಅಂದರೆ ಧಾರವಾಡ ಮುಳುಗಿದ ಹಾಗೆ. ಗಣಪತಿಗೆ ಯಾರು ಏನು ಹೇಳಲಾದೀತು?

ಪುಣೆ ಸ್ಟೇಶನ್ನನ್ನು ಬೈದೆ ಅಂತ ತಿಳಿಯಬೇಡಿ. ಲೂಪನ್ನು ಕಾಲು ಸುತ್ತು ತಿರುಗಿಸಿದರೆ ಅದು ದೇವಸ್ಥಾನದ ಗಂಟೆಯಂತೆ ಬರುತ್ತದೆ. ಒಂದು ಸಲ ರಾತ್ರಿ ಪುಣೆಯಲ್ಲಿ ಭೀಮಸೇನ ಜೋಶಿಯವರ ಹಾಡು ಬರುತ್ತಿತ್ತು. ಅದು ಮುಗಿದು 765ಕ್ಕೆ ತಿರುಗಿಸಿದರೆ ಅಲ್ಲಿ ಮಲ್ಲಿಕಾರ್ಜುನ ಮನ್ಸೂರರು. ಗದಗ ಕಡೆಯವರು ಪುಣೆಯಿಂದ, ಧಾರವಾಡದವರು ಧಾರವಾಡದಿಂದ. ಮಧ್ಯೆ ನಾನು ಕ್ಯಾರಂ ಚೌಕಟ್ಟು ಹಿಡಿದುಕೊಂಡು. ಅವತ್ತು ಮಲಗಿದ್ದು ಹನ್ನೊಂದೂವರೆಗೆ.

ಈಗ ಇರುವ ತಕರಾರು ಒಂದೇ. ಲೂಪ್ ಬಾಲ್ಕನಿ ಬಿಟ್ಟು ಕದಲುವ ಹಾಗಿಲ್ಲ, ಅವ್ವನಿಗೆ ಅಡುಗೆಮನೆಯಲ್ಲೇ ಬೇಕು. ರೊಟ್ಟಿ ಬಡಿಯುವಾಗ ಕೇಳಬೇಕಂತೆ. ಅಲ್ಲಿ ಮಿಕ್ಸರ್, ಫ್ರಿಜ್, ಇಂಡಕ್ಷನ್ ಒಲೆ, ಮೂರೂ ವೈರಿಗಳೇ. ಚಿಕ್ಕ ಚೌಕಟ್ಟೊಂದನ್ನು ಹದಿನೆಂಟು ಇಂಚಿನದು ಮಾಡಿ ಹದಿನಾಲ್ಕು ಸುತ್ತು ಹಾಕಿ ನೋಡಿದೆ, ಪುಣೆ ಸಾಯುತ್ತದೆ, ಧಾರವಾಡ ಏಳುವುದಿಲ್ಲ. ಇನ್ನೊಂದು ತಗಡಿನ ಗ್ಯಾಂಗ್ ಬೇಕು. ಜುನಾ ಬಾಜಾರ್‌ನ ಆ ಮನುಷ್ಯ ಈಗ ನನ್ನ ಮುಖ ಕಂಡರೆ ಐನೂರಕ್ಕೆ ಶುರು ಮಾಡುತ್ತಾನೆ. ಈ ಭಾನುವಾರ ಮಗನನ್ನು ಕಳಿಸಿ ನೋಡಬೇಕು.