ಪ್ಲೋವ್ ತಿನ್ನಬೇಕಾ? ಮಧ್ಯಾಹ್ನವೇ ಹೋಗಿ

ಉಜ್ಬೇಕಿಸ್ತಾನಕ್ಕೆ ಹೋದ ಮೊದಲ ದಿನ ನಾನು ಸಮರಕಂದದಲ್ಲಿ ಇಡೀ ಹಗಲು ಸುತ್ತಾಡಿ, ಸಂಜೆ ಆರಾಮಾಗಿ ಕೂತು ಪ್ಲೋವ್, ಅಂದ್ರೆ ಮಾಂಸ, ಕ್ಯಾರೆಟ್ ಹಾಕಿದ ಅಲ್ಲಿನ ಪಲಾವ್, ತಿನ್ನೋಣ ಅಂತ ಒಂದು ಹೋಟೆಲ್‌ಗೆ ಹೋದೆ. ಅಷ್ಟೊತ್ತಿಗೆ ಪಾತ್ರೆ ತೊಳೆದು ಇಟ್ಟಾಗಿತ್ತು. ಅಲ್ಲಿ ಪ್ಲೋವ್ ಅಂದ್ರೆ ಮಧ್ಯಾಹ್ನದ ಊಟ. ಬೆಳಗ್ಗೆಯೇ ಒಲೆ ಹಚ್ಚುತ್ತಾರೆ, ಹನ್ನೆರಡರ ಸುಮಾರಿಗೆ ಬಡಿಸಲು ಶುರು ಮಾಡುತ್ತಾರೆ, ಒಳ್ಳೆಯ ಕಡೆಗಳಲ್ಲಿ ಎರಡು ಮೂರು ಗಂಟೆಗೆಲ್ಲ ಖಾಲಿ. ರಾತ್ರಿಯೂ ಕೊಡುವ ಹೋಟೆಲ್‌ಗಳು ಇವೆ, ಆದರೆ ಆಗಷ್ಟೇ ಇಳಿಸಿದ ಪ್ಲೋವ್‌ನ ರುಚಿ ಅದಕ್ಕೆ ಬರಲ್ಲ. ಹಾಗಾಗಿ ಮೊದಲು ಸಮಯ ನೋಡಿಕೊಳ್ಳಿ, ಆಮೇಲೆ ಹೋಟೆಲ್ ಹುಡುಕಿ.

ಒಳಗೆ ಹೋಗಿ ಕೂತ ತಕ್ಷಣ ಯಾವ ಚಹಾ ಬೇಕು ಅಂತ ಕೇಳುತ್ತಾರೆ. ಕೋಕ್ ಚೋಯ್ ಅಂದ್ರೆ ಗ್ರೀನ್ ಟೀ, ಕೋರಾ ಚೋಯ್ ಅಂದ್ರೆ ಹಾಲಿಲ್ಲದ ಬ್ಲ್ಯಾಕ್ ಟೀ. ಊಟಕ್ಕೆ ಕೋಕ್ ಚೋಯ್ ತಗೊಳ್ಳಿ, ಪ್ಲೋವ್‌ನ ಕೊಬ್ಬಿಗೆ ಬಿಸಿ ಚಹಾ ಬೇಕೇ ಬೇಕು. ಬಡಿಸುವ ರೀತಿಯನ್ನು ಒಮ್ಮೆ ಗಮನಿಸಿ. ಕೆಟಲ್‌ನಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ, ಅದನ್ನು ಪಿಯಾಲಾ ಅಂತಾರೆ, ಚಹಾ ಹಾಕಿ, ಮತ್ತೆ ಕೆಟಲ್‌ಗೇ ಸುರಿಯುತ್ತಾರೆ. ಹೀಗೆ ಮೂರು ಸಲ. ಚಹಾ ಚೆನ್ನಾಗಿ ಬೆರೆಯಲಿ ಅಂತ. ಆಮೇಲೆ ನಿಮಗೆ ಕೊಡುವಾಗ ಬಟ್ಟಲು ಅರ್ಧವೂ ತುಂಬಿರಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಅದು ಮರ್ಯಾದೆ. ಸ್ವಲ್ಪ ಸ್ವಲ್ಪ ಹಾಕಿದರೆ ಮತ್ತೆ ಮತ್ತೆ ಬಿಸಿ ಬಿಸಿ ಹಾಕಿಕೊಡಬಹುದು ಅಲ್ವಾ? ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಅಂದ ಹಾಗೆ. ಬಲಗೈಯಲ್ಲಿ ತಗೊಂಡು, ಎಡಗೈ ಎದೆ ಮೇಲಿಟ್ಟು 'ರಹ್ಮತ್' ಅನ್ನಿ, ಅಂದ್ರೆ ಥ್ಯಾಂಕ್ಸ್.

ಚಹಾ ಜೊತೆಗೆ ನೋನ್ ಬರುತ್ತದೆ. ತಂದೂರಿನಲ್ಲಿ ಸುಟ್ಟ ದುಂಡನೆಯ ರೊಟ್ಟಿ, ನಡುವೆ ಚುಚ್ಚಿ ಮೂಡಿಸಿದ ಹೂವಿನ ಚಿತ್ತಾರ. ಇದನ್ನು ಚಾಕುವಿನಲ್ಲಿ ಕತ್ತರಿಸಬೇಡಿ, ಕೈಯಲ್ಲೇ ಮುರಿದು ಎಲ್ಲರಿಗೂ ಹಂಚಿ. ಚಿತ್ತಾರದ ಬದಿ ಯಾವಾಗಲೂ ಮೇಲೇ ಇರಬೇಕು, ಬೋರಲು ಹಾಕಬಾರದು. ನಾನು ಗೊತ್ತಿಲ್ಲದೆ ಹಾಗೆ ಇಟ್ಟಾಗ ಪಕ್ಕದಲ್ಲಿ ಕೂತಿದ್ದ ಅಜ್ಜ ಏನೂ ಅನ್ನದೆ ಮೆಲ್ಲಗೆ ತಿರುಗಿಸಿಟ್ಟರು. ಆ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಪ್ಲೋವ್. ಅವರು ಓಶ್ ಅಂತಲೂ ಕರೆಯುತ್ತಾರೆ. 2016ರಲ್ಲಿ ಯುನೆಸ್ಕೋ ಇದರ ಸಂಪ್ರದಾಯವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕಜಾನ್ ಅನ್ನುವ ದಪ್ಪ ತಳದ ಕಡಾಯಿಯಲ್ಲಿ ಎಣ್ಣೆ ಚೆನ್ನಾಗಿ ಕಾಯಿಸಿ ಈರುಳ್ಳಿ, ಮಾಂಸ, ಉದ್ದುದ್ದ ಹೆಚ್ಚಿದ ರಾಶಿ ಕ್ಯಾರೆಟ್, ಜೀರಿಗೆ ಹಾಕಿ ಬೇಯಿಸುತ್ತಾರೆ. ಇದಕ್ಕೆ ಜಿರ್ವಾಕ್ ಅಂತ ಹೆಸರು. ಇದರ ಮೇಲೆ ಅಕ್ಕಿ ಹರಡಿ, ಕಲಕದೆ ಹಬೆಯಲ್ಲೇ ಬೇಯಲು ಬಿಡುತ್ತಾರೆ. ತಾಷ್ಕೆಂಟ್‌ನಲ್ಲಿ ಎಲ್ಲ ಬೆರೆಸಿ ಬಡಿಸುವುದು ಜಾಸ್ತಿ. ಸಮರಕಂದದಲ್ಲಿ ಬೆರೆಸದೆ ಕೆಳಗೆ ಅನ್ನ, ಅದರ ಮೇಲೆ ಕ್ಯಾರೆಟ್, ಮಾಂಸ ಹೀಗೆ ಪದರ ಪದರವಾಗಿ ಕೊಡುತ್ತಾರೆ. ನನಗೆ ಸಮರಕಂದದ್ದೇ ಇಷ್ಟ, ಒಂದೊಂದರ ರುಚಿ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ತಟ್ಟೆಯಲ್ಲಿ ಇಡೀ ಬೆಳ್ಳುಳ್ಳಿ ಗಡ್ಡೆ ಕಂಡರೆ ಪಕ್ಕಕ್ಕೆ ಸರಿಸಬೇಡಿ. ಒಂದು ಎಸಳು ಹಿಚುಕಿ ನೋಡಿ, ಬೆಣ್ಣೆ ಥರ ಮೆತ್ತಗೆ ಈಚೆ ಬರುತ್ತದೆ, ಖಾರದ ಸುಳಿವೇ ಇಲ್ಲ. ಅದನ್ನು ಅನ್ನಕ್ಕೆ ಕಲಸಿಕೊಂಡು ತಿನ್ನಿ. ಜೊತೆಗೆ ಅಚ್ಚಿಚುಕ್ ಹೇಳಿ. ತೆಳ್ಳಗೆ ಹೆಚ್ಚಿದ ಟೊಮ್ಯಾಟೊ, ಈರುಳ್ಳಿ, ಸ್ವಲ್ಪ ಮೆಣಸಿನಕಾಯಿ, ಅಷ್ಟೇ. ಅದಿಲ್ಲದಿದ್ದರೆ ಅರ್ಧ ತಟ್ಟೆಗೇ ಕೊಬ್ಬು ಸಾಕೆನಿಸಿಬಿಡುತ್ತದೆ.

ಒಂದು ವಿಷಯ ಮೊದಲೇ ಕೇಳಿಕೊಳ್ಳಿ. ಪ್ಲೋವ್ ಮೇಲೆ ಕೆಲವೊಮ್ಮೆ ಕಾಜಿ ಹೋಳುಗಳನ್ನು ಇಡುತ್ತಾರೆ, ಅದು ಕುದುರೆ ಮಾಂಸದ ಸಾಸೇಜ್. ಬೇಡವಾದರೆ ಬಡಿಸುವ ಮುಂಚೆಯೇ ಹೇಳಿ. ನೋರಿನ್ ಅನ್ನುವ ತಣ್ಣನೆಯ ನೂಡಲ್ಸ್ ತಿನಿಸಿನಲ್ಲೂ ಸಾಮಾನ್ಯವಾಗಿ ಕುದುರೆ ಮಾಂಸವೇ ಇರುತ್ತದೆ.

ಮಿಕ್ಕ ತಿನಿಸುಗಳನ್ನೆಲ್ಲ ರಾತ್ರಿಗೆ ಇಟ್ಟುಕೊಳ್ಳಿ. ಲಗ್ಮಾನ್ ಅಂದ್ರೆ ಕೈಯಲ್ಲೇ ಎಳೆದು ಮಾಡಿದ ನೂಡಲ್ಸ್, ಸಾರಿನ ಜೊತೆಗೂ ಸಿಗುತ್ತದೆ, ಹುರಿದದ್ದೂ ಸಿಗುತ್ತದೆ. ಮಂತಿ ಅಂದ್ರೆ ಹಬೆಯಲ್ಲಿ ಬೇಯಿಸಿದ ದೊಡ್ಡ ಕಡುಬು. ಫೋರ್ಕ್ ಚುಚ್ಚಿದರೆ ಒಳಗಿನ ರಸವೆಲ್ಲ ತಟ್ಟೆ ಪಾಲು, ಅದಕ್ಕೇ ಕೈಯಲ್ಲಿ ಹಿಡಿದು, ಅಂಚಲ್ಲಿ ಸಣ್ಣಗೆ ಕಚ್ಚಿ, ಮೊದಲು ರಸ ಹೀರಿ. ಸೋಮ್ಸಾ ಅಂದ್ರೆ ಹೂರಣ ತುಂಬಿದ ಸಮೋಸಾ ಥರದ್ದು, ಆದರೆ ಕರಿಯದೆ ತಂದೂರಿನ ಗೋಡೆಗೆ ಅಂಟಿಸಿ ಸುಟ್ಟಿದ್ದು, ಒಳಗೆ ತುಂಬಾ ಬಿಸಿ ಇರುತ್ತದೆ, ಎರಡು ನಿಮಿಷ ಕಾಯಿರಿ. ಶಾಶ್ಲಿಕ್, ಅಂದ್ರೆ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಮಾಂಸ, ಅದನ್ನು ಕಡ್ಡಿ ಲೆಕ್ಕದಲ್ಲಿ ಹೇಳಬೇಕು, ಹಸಿ ಈರುಳ್ಳಿ ಜೊತೆ ಬರುತ್ತದೆ. ಖೀವಾಕ್ಕೆ ಹೋದರೆ ಶಿವಿತ್ ಓಶಿ ಬಿಡಬೇಡಿ. ಸಬ್ಬಸಿಗೆ ಸೊಪ್ಪು ಹಾಕಿ ಕಲಸಿದ ಹಿಟ್ಟಿನ ಹಚ್ಚ ಹಸಿರು ನೂಡಲ್ಸ್, ಅದು ಆ ಸೀಮೆಯದ್ದೇ.

ಸಸ್ಯಾಹಾರಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಸ್ವಲ್ಪ ಕಷ್ಟವೇ. ಪ್ಲೋವ್‌ನಿಂದ ಮಾಂಸದ ತುಂಡು ತೆಗೆದುಕೊಟ್ಟರೆ ಅದು ಸಸ್ಯಾಹಾರ ಆಗಲ್ಲ, ಅಕ್ಕಿ ಬೆಂದಿದ್ದೇ ಮಾಂಸದ ರಸದಲ್ಲಿ. 'ಗೋಶ್ತ್‌ಸಿಜ್ ಬೋರ್ಮಿ?' ಅಂತ ಕೇಳಿ, ಮಾಂಸವಿಲ್ಲದ್ದು ಇದೆಯಾ ಅಂತ ಅರ್ಥ. ಕುಂಬಳಕಾಯಿ ಹೂರಣದ ಸೋಮ್ಸಾ, ಮಂತಿ ಸಿಗುತ್ತವೆ, ವಸಂತದಲ್ಲಿ ಸೊಪ್ಪಿನ ಸೋಮ್ಸಾ. ಆದರೆ ಇವುಗಳಲ್ಲೂ ದುಂಬಾ, ಅಂದ್ರೆ ಕುರಿಯ ಬಾಲದ ಕೊಬ್ಬು, ಹಾಕುವುದುಂಟು. ಅದನ್ನೂ ಬಿಡದೆ ಕೇಳಿ. ನೋನ್, ಸಲಾಡ್, ಮೊಸರು, ಬೇಸಿಗೆಯಾದರೆ ಕರಬೂಜ, ಇಷ್ಟರಲ್ಲೇ ಹೊಟ್ಟೆ ತುಂಬಿಸಿಕೊಂಡ ದಿನಗಳೂ ಚೆನ್ನಾಗಿಯೇ ಇದ್ದವು.

ಚೋಯ್‌ಖಾನಾದಲ್ಲಿ, ಅಂದ್ರೆ ಅಲ್ಲಿನ ಚಹಾ ಅಂಗಡಿಯಲ್ಲಿ, ತಾಪ್ಚಾನ್ ಅನ್ನುವ ಮಂಚದಂಥ ಕಟ್ಟೆ ಸಿಕ್ಕರೆ ಚಪ್ಪಲಿ ಬಿಟ್ಟು ಹತ್ತಿ, ಕಾಲು ಮಡಚಿ ಕೂರಿ. ಊಟ ಮುಗಿದಾಗ ಅಕ್ಕಪಕ್ಕದವರು ಎರಡೂ ಅಂಗೈ ಮುಖಕ್ಕೆ ಸವರಿಕೊಂಡು 'ಓಮಿನ್', ಅಂದ್ರೆ ಆಮೆನ್, ಅನ್ನುತ್ತಾರೆ, ಆಗ ಒಂದು ಗಳಿಗೆ ತಿನ್ನುವುದನ್ನು ನಿಲ್ಲಿಸಿದರೆ ಚೆಂದ. ಬಿಲ್‌ಗೆ 'ಹಿಸೋಬ್' ಅನ್ನಿ. ಲೆಕ್ಕ ಅಲ್ಲಿನ ಹಣ ಸೋಮ್‌ನಲ್ಲಿ, ಒಂದು ತಟ್ಟೆಗೇ ಹತ್ತಾರು ಸಾವಿರ ಅಂತ ಕಂಡರೆ ಗಾಬರಿ ಬೇಡ. ಸರ್ವಿಸ್ ಚಾರ್ಜ್ ಬಹಳ ಕಡೆ ಬಿಲ್‌ನಲ್ಲೇ ಸೇರಿರುತ್ತದೆ, ನೋಡಿಕೊಂಡು ಟಿಪ್ಸ್ ಕೊಡಿ. ಉಳಿದ ನೋನ್ ಮಾತ್ರ ಬಿಟ್ಟು ಬರಬೇಡಿ. ಕಟ್ಟಿಕೊಡಿ ಅಂದರೆ ಖುಷಿಯಿಂದ ಕೊಡುತ್ತಾರೆ. ಸಮರಕಂದದ ನೋನ್ ಆದರಂತೂ ಬೆಳಗ್ಗೆ ಚಹಾದಲ್ಲಿ ಅದ್ದಿಕೊಂಡು ತಿನ್ನೋಕೆ ಇನ್ನೂ ರುಚಿ.