ಚಂದ್ರನ ಫೋಟೊ ಮಸುಕಾಗುವುದು ಯಾಕೆ?

ಟೆಲಿಸ್ಕೋಪು ಕೊಂಡವರು ಮೊದಲ ಹುಣ್ಣಿಮೆಗೇ ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಲೆನ್ಸಿಗೆ, ಮೊಬೈಲು ಹಿಡಿಯುತ್ತಾರೆ. ಸಿಗುವುದು ಬೆಳ್ಳಗಿನ ತಟ್ಟೆ. ಬೈಗುಳವೆಲ್ಲ ಟೆಲಿಸ್ಕೋಪಿಗೆ.

ಮೊದಲು ದಿನ ಬದಲಿಸಿ. ಹುಣ್ಣಿಮೆಯಲ್ಲಿ ಬಿಸಿಲು ನೇರ ಬೀಳುವುದರಿಂದ ಕುಳಿಗಳಿಗೆ ನೆರಳೇ ಇರುವುದಿಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆಯ ಪಕ್ಕ ನೋಡಿ, ಸಣ್ಣ ಗುಂಡಿಯೂ ಎದ್ದು ಕಾಣುತ್ತದೆ.

ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ತಣ್ಣಗಾಗಲಿ. ಮೊಬೈಲನ್ನು ಹೋಲ್ಡರಿಗೆ ಸಿಕ್ಕಿಸಿ. ಕೈಯಲ್ಲಿ ಹಿಡಿಯುವ ಸಾಹಸ ಬೇಡವೇ ಬೇಡ.

ಎಲ್ಲರೂ ಎಡವುವುದು ಫೋಕಸಿನಲ್ಲಿ. ಕಣ್ಣಿಟ್ಟು ನೋಡಿ ಸರಿಮಾಡಿಕೊಂಡು, ಆಮೇಲೆ ಮೊಬೈಲು ಕೂರಿಸುತ್ತಾರೆ. ಕಣ್ಣಿಗೆ ಸರಿ ಕಂಡದ್ದು ಕ್ಯಾಮೆರಾಕ್ಕೂ ಸರಿ ಅಂತೇನಿಲ್ಲವಲ್ಲ! ಮೊಬೈಲಿನ ಪರದೆ ನೋಡಿಕೊಂಡೇ ಟೆಲಿಸ್ಕೋಪಿನ ಫೋಕಸ್ ಗುಬುಟು ತಿರುಗಿಸಬೇಕು. ಅದಕ್ಕೂ ಮೊದಲು ಮೊಬೈಲಿನ ಆಟೊಫೋಕಸ್ ಲಾಕ್ ಮಾಡಿ, ಇಲ್ಲದಿದ್ದರೆ ನೀವೊಂದು ಕಡೆ, ಅದೊಂದು ಕಡೆ ಎಳೆಯುತ್ತೀರಿ. ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು) ಇಳಿಸಿ, ಚಂದ್ರ ಬೂದು ಬಣ್ಣಕ್ಕೆ ಬರಲಿ. ಬೆಳ್ಳಗೆ ಹೊಳೆಯುವ ಚಂದ್ರನಲ್ಲಿ ಫೋಕಸ್ ಹುಡುಕಿ ಪ್ರಯೋಜನವಿಲ್ಲ. ಈಗ ಒಂದು ಪುಟ್ಟ ಕುಳಿ ಆರಿಸಿಕೊಳ್ಳಿ. ಚೂರು ತಿರುಗಿಸಿ, ಕೈ ಬಿಡಿ, ಅಲುಗಾಟ ನಿಲ್ಲುವವರೆಗೆ ಕಾಯಿರಿ. ಸರಿಯಾಯಿತು ಅನ್ನಿಸಿದರೂ ಅಲ್ಲೇ ನಿಲ್ಲಬೇಡಿ. ದಾಟಿ ಹೋಗಿ, ಮಸುಕಾದ ಮೇಲೆ ಹಿಂದಕ್ಕೆ ಬನ್ನಿ. ಹೀಗೆ ನಾಲ್ಕೈದು ಸಲ. ಗುರುಗ್ರಹಕ್ಕೆ ಇನ್ನೂ ಸುಲಭ. ಪಕ್ಕದ ಉಪಗ್ರಹಗಳು ಅತಿ ಚಿಕ್ಕ ಚುಕ್ಕೆಯಾದ ಜಾಗವೇ ಸರಿಯಾದ ಜಾಗ. ಚಿತ್ರ ನೀರಿನಡಿಯ ಕಲ್ಲಿನಂತೆ ಕದಡುತ್ತಿದ್ದರೆ ತಪ್ಪು ನಿಮ್ಮದಲ್ಲ, ಗಾಳಿಯದು. ಇನ್ನೊಂದು ರಾತ್ರಿ ನೋಡಿ.

ಆಮೇಲೆ ಫೋಟೊ ತೆಗೆಯಬೇಡಿ, ವಿಡಿಯೊ ಮಾಡಿ. ಸಾವಿರಾರು ಫ್ರೇಮುಗಳಲ್ಲಿ ಗಾಳಿ ಕ್ಷಣಕಾಲ ಕದಡದೆ ಇದ್ದವು ಕೆಲವಾದರೂ ಸಿಗುತ್ತವೆ. ಗುರು 10 ಗಂಟೆಯೊಳಗೇ ಒಂದು ಸುತ್ತು ತಿರುಗುವುದರಿಂದ ವಿಡಿಯೊ ಎರಡು ನಿಮಿಷ ಸಾಕು. ಜಾಸ್ತಿಯಾದರೆ ಅದರ ಮೇಲಿನ ಗುರುತುಗಳು ಕಲಸಿಹೋಗುತ್ತವೆ.

ಅಂದ ಹಾಗೆ, ಡಬ್ಬಿಯ ಮೇಲೆ ‘525 ಪಟ್ಟು’ ಅಂತ ಬರೆದಿದ್ದರೆ ನಂಬಬೇಡಿ. ಟೆಲಿಸ್ಕೋಪಿನ ಮುಂದಿನ ಲೆನ್ಸಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ದೊಡ್ಡದಾಗಿ ತೋರಿಸುವುದೇ ಮಿತಿ. 70 ಮಿಲಿಮೀಟರಿಗೆ 140. ಚಿತ್ರವನ್ನು ಇನ್ನಷ್ಟು ಹಿಗ್ಗಿಸಲು ಜೊತೆಗೆ ಕೊಡುವ ಪ್ಲಾಸ್ಟಿಕ್ ಬಾರ್ಲೋ ಲೆನ್ಸು ಡಬ್ಬಿಯಲ್ಲೇ ಇರಲಿ.

ವಿಡಿಯೊವನ್ನು ಆಟೊಸ್ಟ್ಯಾಕರ್ಟ್‌ಗೆ ಹಾಕಿ, ಅದೊಂದು ಉಚಿತ ಕಂಪ್ಯೂಟರ್ ತಂತ್ರಾಂಶ. ಒಳ್ಳೆಯ ಫ್ರೇಮುಗಳನ್ನು ಅದೇ ಆರಿಸಿ ಒಂದರ ಮೇಲೊಂದು ಜೋಡಿಸುತ್ತದೆ. ನಾನು ಕಾಲುಭಾಗ ಮಾತ್ರ ಇಟ್ಟುಕೊಳ್ಳುತ್ತೇನೆ. ಆಮೇಲೆ ಇನ್ನೊಂದು ತಂತ್ರಾಂಶವಾದ ರೆಜಿಸ್ಟ್ಯಾಕ್ಸ್‌ನಲ್ಲಿ ಹರಿತ ಮಾಡುವಾಗ ಗ್ರಹದ ಅಂಚಿಗೆ ಬಿಳಿ ಗೆರೆ ಬಂತೋ, ಕೂಡಲೇ ಸ್ವಲ್ಪ ಇಳಿಸಿ.